ಮದುವೆ ಹಾಲ್‌ನ ಬಕೆಟ್ ಆಡಿನ ಆಹಾರವಲ್ಲ

ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಆಡು ಅಂದ್ರೆ ಹೆಚ್ಚಾಗಿ ಮನೆಯ ಹೆಂಗಸರ ಉಳಿತಾಯ. ಮಗಳ ಕಾಲೇಜು ಫೀಸಿಗೋ ಆಸ್ಪತ್ರೆಯ ಖರ್ಚಿಗೋ ಹಟ್ಟಿಯಿಂದ ಒಂದು ಆಡು ಮಾರಾಟವಾಗುತ್ತದೆ. ನಿನ್ನೆ ಆರೋಗ್ಯವಾಗಿದ್ದ ಆಡು ಹೊಟ್ಟೆ ಉಬ್ಬಿ ಸತ್ತರೆ ಒಂದು ಮನೆಯ ವರ್ಷದ ಲೆಕ್ಕಾಚಾರವೇ ತಪ್ಪುತ್ತದೆ. ಯಾರದೋ ಕಣ್ಣು ಬಿತ್ತು, ಯಾರೋ ವಿಷ ಹಾಕಿದ್ರು ಎನ್ನುವ ಮೊದಲು, ಹಿಂದಿನ ದಿನ ಅದಕ್ಕೆ ಏನು ತಿನ್ನಿಸಿದ್ದೇವೆ ಅಂತ ಯೋಚಿಸಬೇಕು. ಎಷ್ಟೋ ಸಲ ಉತ್ತರ ಮದುವೆ ಹಾಲ್‌ನಿಂದ ಬಂದ ಅನ್ನದ ಬಕೆಟ್‌ನಲ್ಲಿರುತ್ತದೆ.

ಆಡು ಮೆಲುಕು ಹಾಕುವ ಪ್ರಾಣಿ. ಅದರ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿದ್ದು, ಸೊಪ್ಪು ಮತ್ತು ನಾರನ್ನು ಜೀರ್ಣಿಸಲು ಅವು ಬೇಕು. ಅಲ್ಲಿಗೆ ಒಮ್ಮೆಲೇ ನೈಚೋರೋ ಬಿರಿಯಾನಿಯೋ ಬಿದ್ದರೆ ಪಿಷ್ಟವೆಲ್ಲ ಬೇಗ ಹುಳಿಯಾಗಿ ಆಮ್ಲ ಏರುತ್ತದೆ. ನಾರು ಜೀರ್ಣಿಸುವ ಜೀವಿಗಳು ಸಾಯುತ್ತವೆ. ಆಡು ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ನೀರಾಗಿ ಭೇದಿಯಾಗುತ್ತದೆ, ಮಲಗಿದಲ್ಲಿಂದ ಏಳುವುದಿಲ್ಲ. ಚಿಕಿತ್ಸೆ ತಡವಾದರೆ ಒಂದೆರಡು ದಿನದಲ್ಲಿ ಸಾಯಲೂಬಹುದು. ಅದರ ಮೇಲೆ ಆ ಬಕೆಟ್‌ನಲ್ಲಿ ಎಣ್ಣೆ, ಮಸಾಲೆ, ಎಲುಬು, ಕೆಲವೊಮ್ಮೆ ಪ್ಲಾಸ್ಟಿಕ್ ಚಮಚವೂ ಇರುತ್ತದೆ.

'ಅನ್ನ ಬಿಸಾಡುವುದು ಇಸ್ರಾಫ್ ಅಲ್ವಾ? ಆಡಾದರೂ ತಿನ್ನಲಿ' ಅಂತ ಹೇಳುವವರಿದ್ದಾರೆ. ಅನ್ನ ಹಾಳಾಗಬಾರದು ಎಂಬ ಮಾತು ಸರಿ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಬೇಯಿಸಿದ್ದು ನಾವು. ಅದನ್ನು ಕಡಿಮೆ ಮಾಡಬೇಕಾದದ್ದು ಮದುವೆಯ ಲೆಕ್ಕ ಹಾಕುವಾಗ. ನಮ್ಮ ಇಸ್ರಾಫನ್ನು ಮೂಕಪ್ರಾಣಿಯ ಹೊಟ್ಟೆಗೆ ತುಂಬಿಸಿದರೆ ಅದು ಪುಣ್ಯವಾಗುವುದಿಲ್ಲ.

ಇನ್ನೊಂದು ಸಮಸ್ಯೆ ಬಕ್ರೀದ್‌ಗೆ ಸಾಕುವ ಹೋತಗಳದ್ದು. ಶಾಫಿ ಮದ್‌ಹಬ್‌ನಂತೆ ಉಳ್‌ಹಿಯ್ಯತ್‌ನ ಆಡಿಗೆ ಎರಡು ವರ್ಷ ತುಂಬಿರಬೇಕು. ರೋಗ ಎದ್ದು ಕಾಣುವ, ಎಲುಬು ಬಿಟ್ಟ ಆಡು ಆಗುವುದಿಲ್ಲ. ಹಾಗಾಗಿ ಬೇಗ ದಪ್ಪವಾಗಲಿ ಅಂತ ಕೆಲವರು ಬರೀ ತೌಡು, ಬೂಸ, ಗೋಧಿಹಿಟ್ಟು ಕೊಡುತ್ತಾರೆ. ತೌಡು, ಬೂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಇದರಿಂದ ಗಂಡು ಆಡಿನ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಬೀಜ ಒಡೆದ ಹೋತಕ್ಕೆ ಅಪಾಯ ಇನ್ನೂ ಜಾಸ್ತಿ. ಅದು ಮುಕ್ಕುತ್ತಾ ನಿಂತರೆ ಮಲಬದ್ಧತೆ ಅಂತ ತಿಳಿದು ಮನೆಮದ್ದು ಮಾಡುತ್ತಾ ಕೂರಬಾರದು, ಮೂತ್ರ ಹೋಗುತ್ತಿದೆಯಾ ನೋಡಬೇಕು. ಸದಾ ಶುದ್ಧ ನೀರು, ಸ್ವಲ್ಪ ಉಪ್ಪು ಇರಲೇಬೇಕು.

ಹಾಗಾದ್ರೆ ಕಡಿಮೆ ಖರ್ಚಿನಲ್ಲಿ ಎಂತ ಕೊಡುವುದು? ನಮ್ಮ ಹಿತ್ತಿಲಲ್ಲೇ ಇದೆ. ಹಲಸಿನ ಸೊಪ್ಪಿನಷ್ಟು ಒಳ್ಳೆಯ, ಆಡು ಇಷ್ಟಪಡುವ ಮೇವು ನಮ್ಮ ಜಿಲ್ಲೆಯಲ್ಲಿ ಬೇರೆ ಹುಡುಕಬೇಕಿಲ್ಲ. 25 ಕೆ.ಜಿ. ತೂಕದ ಆಡಿಗೆ ದಿನಕ್ಕೆ ಎರಡು ಮೂರು ಕೆ.ಜಿ. ಹಸಿ ಸೊಪ್ಪು, ಜೊತೆಗೆ 150ರಿಂದ 200 ಗ್ರಾಂನಷ್ಟು ಹಿಂಡಿ, ಜೋಳದ ನುಚ್ಚು, ತೌಡಿನ ಮಿಶ್ರಣ ಸಾಕು. ಅದಕ್ಕೆ ಚಿಟಿಕೆ ಖನಿಜ ಮಿಶ್ರಣ ಸೇರಿಸಿ. ಗಬ್ಬದ, ಹಾಲು ಕೊಡುವ ಆಡಿಗೆ ಸ್ವಲ್ಪ ಹೆಚ್ಚು. ಸೊಪ್ಪನ್ನು ನೆಲಕ್ಕೆ ಹಾಕದೆ ಕಟ್ಟು ಕಟ್ಟಿ ತೂಗುಹಾಕಿದರೆ ಹಾಳಾಗುವುದೂ ಕಡಿಮೆ, ಹೊಟ್ಟೆಹುಳದ ಕಾಟವೂ ಕಡಿಮೆ.

ಎಲ್ಲ ಸೊಪ್ಪೂ ಒಂದೇ ಅಲ್ಲ. ಮರಗೆಣಸಿನ ಹಸಿ ಎಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಬಿಸಿಲಿಗೆ ಚೆನ್ನಾಗಿ ಒಣಗಿಸಿದರೆ ಅದು ತಗ್ಗುತ್ತದೆ. ರಬ್ಬರ್ ಎಲೆಯಲ್ಲೂ ಅಂಥದೇ ಅಂಶವಿದೆ, ಅದರ ಸುದ್ದಿಗೇ ಹೋಗುವುದು ಬೇಡ. ಕಣಗಿಲೆಯ ಗಿಡ ಆಡಿನ ಬಾಯಿಗೆ ಎಟುಕಲೇಬಾರದು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಬೂಷ್ಟು ಹಿಡಿದ ನೆಲಗಡಲೆ ಹಿಂಡಿಯನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ. ಅದರಲ್ಲಿರುವ ಅಫ್ಲಾಟಾಕ್ಸಿನ್ ವಿಷ ಆಡಿನ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಬಿಸಿಲಿಗೆ ಹಾಕಿ ಬೂಷ್ಟು ಕೊಡವಿದರೂ ವಿಷ ಹೋಗುವುದಿಲ್ಲ. ಹಿಂಡಿ ಚೀಲವನ್ನು ಹಲಗೆಯ ಮೇಲಿಡಿ, ತಿಂಗಳಿಗೆ ಬೇಕಾದಷ್ಟೇ ತನ್ನಿ.

ಸಂತೆಯಿಂದ ತಂದ ಆಡಿಗೆ ಹೊಸ ಆಹಾರವನ್ನು ಒಂದೇ ದಿನದಲ್ಲಿ ಕೊಡಬಾರದು. ಅದು ಮೊದಲು ತಿನ್ನುತ್ತಿದ್ದುದನ್ನೇ ಕೊಡುತ್ತಾ ಹತ್ತು ಹದಿನೈದು ದಿನದಲ್ಲಿ ನಿಧಾನ ಬದಲಿಸಿ. ಬಕ್ರೀದ್‌ಗೆ ನಾಲ್ಕು ದಿನ ಇರುವಾಗ ತಂದ ಆಡನ್ನು ದಪ್ಪ ಮಾಡಲು ಹೋಗುವುದೇ ಬೇಡ, ಸೊಪ್ಪು ನೀರು ಕೊಟ್ಟು ನೆಮ್ಮದಿಯಾಗಿಡಿ. ಆಡು ಕದ್ದು ಅನ್ನವೋ ಅಕ್ಕಿಯೋ ತಿಂದಿದ್ದರೆ ಧಾನ್ಯ ನಿಲ್ಲಿಸಿ, ಒಣಹುಲ್ಲು ಕೊಟ್ಟು, ತಡಮಾಡದೆ ಪಶುವೈದ್ಯರಿಗೆ ತಿಳಿಸಿ. ಸರಕಾರದ ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು.

ಕೊನೆಗೆ ಜಮಾಅತ್‌ನ ಹಿರಿಯರಲ್ಲಿ ಒಂದು ವಿನಂತಿ. ಮದುವೆ ಹಾಲ್‌ಗಳಲ್ಲಿ ಉಳಿದ ಒಳ್ಳೆಯ ಊಟ ಹಳಸುವ ಮೊದಲೇ ಹಸಿದವರಿಗೆ ಮುಟ್ಟುವ ವ್ಯವಸ್ಥೆ ಮಾಡಿ. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆಯನ್ನು ಬೇರೆ ಬುಟ್ಟಿಯಲ್ಲಿಡಿಸಿ, ಅದನ್ನು ಆಡು ಸಾಕುವವರು ಮಿತವಾಗಿ ಬಳಸಲಿ. ಅನ್ನದ ಬಕೆಟ್ ಪುಕ್ಕಟೆ ಅನ್ನಿಸಬಹುದು, ಅದರ ಬೆಲೆಯನ್ನು ಮರುದಿನ ಯಾವುದೋ ಬಡ ಉಮ್ಮ ತೆರಬೇಕಾಗುತ್ತದೆ.