ಅಪ್ಪು ಇದ್ದ ಊರಲ್ಲಿ ಈಗ ಬೇಸಿಗೆ

ಓದುಗ ದೊರೆಗಳೇ, ಯಾವ ನಾಯಕಿಗೆ ಯಾವ ನಿರ್ದೇಶಕರ ಮೇಲೆ ಮುನಿಸು, ಯಾವ ಚಿತ್ರ ಎಷ್ಟು ದಿನಕ್ಕೆ ಡಬ್ಬ ಸೇರಿತು ಅನ್ನುವ ವರದಿಗೆ ಈ ವಾರ ರಜಾ. ಕ್ರಿಸ್‌ಮಸ್ ರಜಕ್ಕೆ ಸಂಸಾರ ಸಮೇತ ಊರಿಗೆ ಹೋಗಿದ್ದೆ. ಆ ನಾಲ್ಕು ದಿನದ ಸಮಾಚಾರ ಹೇಳಿ ಮುಗಿಸದೆ ಬೇರೆ ಏನೂ ಬರೆಯೋಕೆ ಕೈ ಓಡ್ತಿಲ್ಲ. "ಸಿನಿಮಾ ಇಲ್ವಾ ಸ್ವಾಮಿ?" ಅಂತ ಮುಖ ಸಿಂಡರಿಸಬೇಡಿ. ಇದೆ. ನಮ್ಮನೇಲಿ ಸಿನಿಮಾ ಇಲ್ಲದ ಕಥೆ ಎಲ್ಲಿಂದ ಬರಬೇಕು?

2025ರ ಡಿಸೆಂಬರ್ 25 ಗುರುವಾರ ಬಿದ್ದಿತ್ತು. ಶುಕ್ರವಾರಕ್ಕೊಂದು ರಜಾ ಚೀಟಿ ಕೊಟ್ಟರೆ ಭಾನುವಾರದವರೆಗೂ ಆರಾಮ. ನಾವಿರೋದು ಆರ್‌ಪಿಸಿ ಲೇಔಟಿನಲ್ಲಿ. ಹಂಪಿನಗರ ಅಂತ ಬೋರ್ಡು ಇದ್ದರೂ ಜನರ ಬಾಯಲ್ಲಿ ಇವತ್ತಿಗೂ ಆರ್‌ಪಿಸಿ ಲೇಔಟೇ. ಬೇಕರಿಗಳ ಮುಂದೆಲ್ಲ ನಕ್ಷತ್ರದ ದೀಪ ತೂಗುಹಾಕಿದ್ದರು. ಅಜ್ಜಿಗೆ ಅಂತ ಒಂದು ಪ್ಲಮ್ ಕೇಕು ಕಟ್ಟಿಸಿಕೊಂಡೆ. ಬೆಳಿಗ್ಗೆ ಐದಕ್ಕೆ ಆಟೋ ಹಿಡಿದು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್‌ಸ್ಟ್ಯಾಂಡು. ಅಪ್ಪ, ಅಮ್ಮ, ನಾನು, ನನ್ನಾಕೆ, ಒಂಬತ್ತು ವರ್ಷದ ಮಗಳು. ಮೈಸೂರು, ಅಲ್ಲಿಂದ ಚಾಮರಾಜನಗರ, ಅಲ್ಲಿಂದ ತಾಳವಾಡಿ ಬಸ್ಸು.

ಬಸ್ಸು ರಾಮನಗರ ದಾಟೋವರೆಗೂ ಅಪ್ಪ ಬಾಯಿ ಬಿಡಲಿಲ್ಲ. ಆಮೇಲೆ ಹಿಂದಕ್ಕೆ ತಿರುಗಿ, "ಅವ್ವ ಕೇಳಿದ್ರೆ ಏನ್ ಹೇಳ್ಬೇಕು, ಎಲ್ರಿಗೂ ನೆನಪಿದೆ ತಾನೆ?" ಅಂದರು.

ನಾವೆಲ್ಲ ತಲೆ ಆಡಿಸಿದೆವು. ಮಗಳು ಮಾತ್ರ ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿಬಿಟ್ಟಳು. "ಚಿಕ್ಕತಾತ ಆಸ್ಟ್ರೇಲಿಯಾದಲ್ಲಿದಾರೆ. ಅಲ್ಲೀಗ ಬೇಸಿಗೆ. ಎಲ್ರೂ ಹಳ್ಳಿ ಮನೆಗೆ ಹೋಗಿದಾರೆ. ಅಲ್ಲಿ ಫೋನ್ ಸಿಗಲ್ಲ."

ಹೇಳಬೇಕಾದ ಸುಳ್ಳು ಅಷ್ಟೇ.

* * *

ನಮ್ಮ ಚಿಕ್ಕಪ್ಪನ ವಿಷಯ ಹೇಳಬೇಕು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಟೆಂಟಿಗೆ ಕರೆದುಕೊಂಡು ಹೋಗಿ ಮೊದಲ ಸಿನಿಮಾ ತೋರಿಸಿದವರು ಅವರು. 'ಬಂಗಾರದ ಮನುಷ್ಯ' ಬಂದ 1972ರಲ್ಲಿ ಅವರಿನ್ನೂ ಒಂದು ವರ್ಷದ ಕೂಸು. ಆದರೂ ಅದು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದನ್ನು ಕಣ್ಣಾರೆ ಕಂಡವರ ಹಾಗೆ ವರ್ಣಿಸುತ್ತಿದ್ದರು. ಓದಿ ಇಂಜಿನಿಯರ್ ಆಗಿ 2006ರಲ್ಲಿ ಮೆಲ್ಬರ್ನ್‌ಗೆ ಹೋದರು. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಅಣ್ಣಾವ್ರ ಸಿಡಿಗಳೇ ಜಾಸ್ತಿ ಇದ್ದವು.

ಅಲ್ಲಿ ಕ್ರಿಸ್‌ಮಸ್ ಅಂದರೆ ಸುಡು ಬೇಸಿಗೆ. ನಮಗೆ ಕಂಬಳಿ ಕಾಲ, ಅವರಿಗೆ ಕಲ್ಲಂಗಡಿ ಕಾಲ! ಪ್ರತಿ ವರ್ಷ ಆ ವಾರದ ಕೊನೆಗೆ ಚಿಕ್ಕಪ್ಪ ಇನ್ನೆರಡು ಕನ್ನಡದ ಸಂಸಾರಗಳ ಜೊತೆ ಸೇರಿ ಊರಾಚೆ ಎರಡು ಗಂಟೆ ದಾರಿಯ ಒಂದು ಹಳ್ಳಿ ಮನೆ ಬಾಡಿಗೆ ಹಿಡಿಯುತ್ತಿದ್ದರು. ಸುತ್ತ ಒಣಹುಲ್ಲಿನ ಬಯಲು, ರಾತ್ರಿ ಎಂಟೂವರೆಗೂ ಬೆಳಕು. ಅಲ್ಲಿಂದ ಅಜ್ಜಿಗೆ ವಿಡಿಯೋ ಕಾಲ್. "ಅವ್ವಾ, ನೋಡು ನಮ್ ಹಟ್ಟಿ!" ಒಂದು ಸಲ ಅಂಗಳದಲ್ಲಿ ಒಲೆ ಹೂಡಿ ಮುದ್ದೆ ಮಾಡಬೇಕು ಅಂತ ಹೊರಟರೆ, ಅವತ್ತು ಬೆಂಕಿ ನಿಷೇಧದ ದಿನವಂತೆ. ಬಿಸಿಲು ಗಾಳಿ ವಿಪರೀತವಾದ ದಿನ ಬಯಲಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಕಾಡಿಗೆ ಹತ್ತಿಕೊಳ್ಳುತ್ತದೆ ಅಂತ ಸರ್ಕಾರದ ಆಜ್ಞೆ. ಅದನ್ನು ಕೇಳಿ ಅಜ್ಜಿ, "ಒಲೆ ಹಚ್ಚಕ್ಕೂ ಅಪ್ಪಣೆ ಕೇಳ ದೇಸದಲ್ಲಿ ಹ್ಯಾಗಪ್ಪ ಬಾಳ್ತೀಯೆ?" ಅಂತ ನಕ್ಕಿದ್ದಳು.

2025ರ ಜೂನ್‌ನಲ್ಲಿ ಚಿಕ್ಕಪ್ಪ ಹೋಗಿಬಿಟ್ಟರು. ಹೃದಯಾಘಾತ, 54 ವರ್ಷ. ಕಾರ್ಯವೆಲ್ಲ ಅಲ್ಲೇ ನಡೆಯಿತು. ಅಜ್ಜಿಗೆ 88, ಅವಳ ಹೃದಯವೂ ಸರಿಯಿಲ್ಲ. "ದೊಡ್ಡ ಆಘಾತ ಏನೂ ಕೊಡಬೇಡಿ" ಅಂದಿದ್ದರು ಡಾಕ್ಟರು. ಹಿರಿಮಗ ನಮ್ಮಪ್ಪ ತೀರ್ಮಾನ ಮಾಡಿದರು: ಹೇಳೋದು ಬೇಡ. ಅಜ್ಜಿಯ ಜೊತೆಗಿರುವ ಅತ್ತೆ ಅಕ್ಕಪಕ್ಕದವರ ಬಾಯಿ ಕಟ್ಟಿಸಿದರು. ಭಾನುವಾರದ ಫೋನು ಯಾಕಿಲ್ಲ ಅಂತ ಅಜ್ಜಿ ಕೇಳಿದಾಗ ಒಮ್ಮೆ ಕೆಲಸ ಜಾಸ್ತಿ, ಒಮ್ಮೆ ಫೋನು ಕೆಟ್ಟಿದೆ. ಸಿನಿಮಾದಲ್ಲಾದರೆ ಇಂಥ ಸುಳ್ಳಿಗೆ ಎರಡು ರೀಲು ಸಾಕು, ಮೂರನೆಯದಕ್ಕೆ ಟೆಲಿಗ್ರಾಂ ಬಂದು ಗುಟ್ಟು ರಟ್ಟಾಗುತ್ತದೆ. ನಮ್ಮದು ಆರು ತಿಂಗಳು ಓಡಿತು.

* * *

ನಮ್ಮೂರಿಂದ ಗಾಜನೂರು ಹತ್ತಿರ. ಹೌದು, ಅದೇ ಗಾಜನೂರು. 1929ರಲ್ಲಿ ಹುಟ್ಟಿದ ಮುತ್ತುರಾಜ ಮುಂದೆ ರಾಜ್‌ಕುಮಾರ್ ಆಗಿ ನಾಡನ್ನೇ ಆಳಿದರೂ ತಮ್ಮೂರು ಅಂತ ಓಡಿ ಬರುತ್ತಿದ್ದ ಊರು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ತಾಳವಾಡಿ ಸೀಮೆ ಮದರಾಸಿನ ಕಡೆ ಉಳಿಯಿತು. ಈಗ ತಮಿಳುನಾಡಿನ ಈರೋಡು ಜಿಲ್ಲೆ. ಬಸ್ಸಿನ ಬೋರ್ಡು ತಮಿಳು, ಒಳಗಿನ ಮಾತು ಕನ್ನಡ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅಣ್ಣಾವ್ರನ್ನು ಹೊತ್ತೊಯ್ದದ್ದು ಗಾಜನೂರಿನ ಮನೆಯಿಂದಲೇ. ನವೆಂಬರ್ 15ಕ್ಕೆ ಬಿಡುಗಡೆ. ಆ 108 ದಿನವೂ ನಮ್ಮಜ್ಜಿ ಮಾದಪ್ಪನಿಗೆ ದೀಪ ಹಚ್ಚಿದಳು.

ಅದೇ ಗಾಜನೂರಿನಲ್ಲಿ ಅಣ್ಣಾವ್ರ ತಂಗಿ ನಾಗಮ್ಮನವರು ಇದ್ದರು. 2021ರ ಅಕ್ಟೋಬರ್ 29ರಂದು ಅಪ್ಪು 46ನೇ ವಯಸ್ಸಿಗೇ ಹೊರಟುಹೋದಾಗ, ಈ ಸುದ್ದಿ ತಡೆಯಲಾರರು ಅಂತ ಮನೆಯವರು ಆ ಹಿರಿಜೀವಕ್ಕೆ ತಿಳಿಸಲೇ ಇಲ್ಲ. ನಾಡಿನ ಗೋಡೆಗೋಡೆಯ ಮೇಲೂ ಅಪ್ಪು ಚಿತ್ರ, ಅತ್ತೆಗೆ ಮಾತ್ರ ಗೊತ್ತಿಲ್ಲ! ಅಪ್ಪು ಬರಲಿ, ನೋಡಬೇಕು ಅಂತ ಕೇಳುತ್ತಲೇ ಇದ್ದ ಅವರು 2025ರ ಆಗಸ್ಟ್ 1ರಂದು ತೀರಿಕೊಂಡರು. ಮರುದಿನ ಪೇಪರಿನಲ್ಲಿ ಅದನ್ನು ಓದಿದ ಅಪ್ಪ, ಪೇಪರನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟರು. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಆ ದೊಡ್ಡ ಮನೆಯವರು ಮಾಡಿದ್ದು ಸರಿಯೋ ತಪ್ಪೋ ಹೇಳೋಕೆ ನಾನ್ಯಾರು? ಪ್ರೀತಿಯಿಂದ ಮಾಡಿದ್ದು ಅನ್ನೋದರಲ್ಲಿ ಅನುಮಾನವಿಲ್ಲ. ನಾವೂ ಹಾಗೇ ಅಂದುಕೊಂಡಿದ್ದೆವು.

* * *

ಮಧ್ಯಾಹ್ನಕ್ಕೆ ಊರು ಸೇರಿದೆವು. ಹೆಂಚಿನ ಮನೆ, ಮುಂದೆ ಜಗಲಿ, ಹಿತ್ತಲಲ್ಲಿ ಬಾಳೆ, ಅದರಾಚೆ ಅರಿಶಿನದ ಹೊಲ. ಅಜ್ಜಿ ಜಗಲಿ ಮೇಲೇ ಕೂತಿದ್ದಳು. "ಬಂದ್ಯಾ ಮಗ" ಅಂತ ನನ್ನ ಕೆನ್ನೆ ಸವರಿ, ಕೇಕು ಬಾಯಿಗಿಟ್ಟುಕೊಂಡು, "ಒಳ್ಳೆ ಬೆಲ್ಲದ ಪಾಕ ಹಾಕವ್ರೆ" ಅಂದಳು. ಆಮೇಲೆ, ನಾವು ಕಾಯುತ್ತಿದ್ದ ಪ್ರಶ್ನೆ ಬಂತು.

"ಚಿಕ್ಕೋನು ಎಲ್ಲವ್ನೆ?"

ಅಪ್ಪ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದರು. ಅಮ್ಮ ಅಡಿಗೆಮನೆಗೆ ನುಗ್ಗಿದರು. ಉಳಿದವನು ನಾನು. "ಅಲ್ಲೀಗ ಬೇಸಿಗೆ ರಜ ಅಲ್ವಾ ಅಜ್ಜಿ, ಎಲ್ಲಾ ಹಳ್ಳಿ ಮನೆಗೆ ಹೋಗಿದಾರೆ. ಅಲ್ಲಿ ಫೋನ್ ಸಿಗಲ್ಲ."

"ಓ, ಅದೇಯ, ಅಪ್ಪು ಇದ್ದ ಊರು?" ಅಂದಳು ಅಜ್ಜಿ.

2017ರ 'ರಾಜಕುಮಾರ' ನೋಡಿದ್ದೀರಲ್ಲ? ಸಂತೋಷ್ ಆನಂದ್‌ರಾಮ್ ನಿರ್ದೇಶನದ ಆ ಚಿತ್ರದಲ್ಲಿ ಅಪ್ಪು ಆಸ್ಟ್ರೇಲಿಯಾದ ಮನೆಯಲ್ಲಿ ಬೆಳೆದ ಮಗ. ಸಾಕಿದ ತಂದೆತಾಯಿಯನ್ನು ಕಳೆದುಕೊಂಡು ಇಲ್ಲಿಗೆ ಬಂದು ವೃದ್ಧಾಶ್ರಮದ ಹಿರಿಯರಿಗೆಲ್ಲ ಮಗನಾಗುತ್ತಾನೆ. ಟಿವಿಯಲ್ಲಿ ಅದು ಬಂದಾಗೆಲ್ಲ ಅಜ್ಜಿ ನೋಡಿದ್ದಾಳೆ. ಅವಳ ಪಾಲಿಗೆ ಆಸ್ಟ್ರೇಲಿಯಾ ಅಂದರೆ ಅಪ್ಪು ಇದ್ದ ಊರು, ಚಿಕ್ಕಮಗ ಇರುವ ಊರು. "ಅಪ್ಪು ಅಲ್ಲಿಂದ ವಾಪಸ್ ಬತ್ತನೆ, ಪಿಚ್ಚರ್‌ನಲ್ಲಿ" ಅಂದಳು. ನಾನು ಹೂಂ ಅಂದೆ. ಅಜ್ಜಿ ಮತ್ತೇನೂ ಕೇಳಲಿಲ್ಲ. ಗೆದ್ದೆವು ಅಂದುಕೊಂಡೆ. ಎಂಥ ಗೆಲುವು!

ರಾತ್ರಿ ರಾಗಿ ಹೊಲಕ್ಕೆ ಆನೆ ಇಳಿದಿದೆ ಅಂತ ಹುಡುಗರು ಪಟಾಕಿ ಹೊಡೆಯುತ್ತಿದ್ದರು. ಅಪ್ಪ ನಿದ್ದೆ ಮಾಡದೆ ಜಗಲಿಯಲ್ಲಿ ಕೂತಿದ್ದರು.

ಶುಕ್ರವಾರ ಬೆಳಿಗ್ಗೆ ಐದು ಗಂಟೆ. ಡಿಸೆಂಬರ್ 26, ಮೆಲ್ಬರ್ನ್‌ನಲ್ಲಿ ಟೆಸ್ಟ್ ಮ್ಯಾಚು ಶುರುವಾಗುವ ದಿನ. ಅತ್ತೆ ಮಗ ಬಚ್ಚಲ ಒಲೆ ಮುಂದೆ ಮೈ ಕಾಯಿಸಿಕೊಳ್ಳುತ್ತ ಮೊಬೈಲನ್ನು ಚೊಂಬಿಗೆ ಒರಗಿಸಿ ಮ್ಯಾಚು ಹಾಕಿದ್ದ. ನಮ್ಮ ಉಸಿರು ಹೊಗೆಯಾಡುವ ಚಳಿ. ಪರದೆಯಲ್ಲಿ ಮಾತ್ರ ಬೆಳಕೋ ಬೆಳಕು, ತಲೆಗೊಂದು ಟೋಪಿ. ಅಜ್ಜಿ ಕಂಬಳಿ ಹೊದ್ದು ಬಂದು ನಮ್ಮ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಇದು ಅವನ ಊರಾ?"

"ಹೂಂ ಅಜ್ಜಿ."

ಕ್ಯಾಮೆರಾ ಜನರ ಮೇಲೆ ಹೋದಾಗಲೆಲ್ಲ ಅಜ್ಜಿ ಮುಂದಕ್ಕೆ ಬಾಗಿ ಒಂದೊಂದೇ ಮುಖ ನೋಡುತ್ತಿದ್ದಳು. ನನ್ನ ಮಗಳು ನಿದ್ದೆಗಣ್ಣಲ್ಲಿ ಬಂದವಳು, "ಚಿಕ್ಕತಾತ ಅಲ್ಲಿರಲ್ಲ ಅಜ್ಜಿ" ಅಂದುಬಿಟ್ಟಳು. ನನ್ನ ಎದೆ ಝಲ್ ಅಂತು. ಅಜ್ಜಿ ಅವಳನ್ನು ಕಂಬಳಿಯೊಳಗೆ ಎಳೆದುಕೊಂಡು, "ಇಲ್ಲ ಬುಡು ಕೂಸು" ಅಂದಳು. ಒಲೆಗೆ ಇನ್ನೊಂದು ಸೌದೆ ನೂಕಿದಳು. ಅಷ್ಟೇ.

* * *

ಭಾನುವಾರ ಹೊರಟೆವು. ಪ್ರತಿ ಸಲದ ಹಾಗೆ ಅಜ್ಜಿ ಎರಡು ಗಂಟು ಕಟ್ಟಿಕೊಟ್ಟಳು. ಒಂದು ನಮಗೆ, ಒಂದು ಮೆಲ್ಬರ್ನ್‌ಗೆ ಹೋಗುವವರ ಕೈಲಿ ಕಳಿಸೋಕೆ. ಹುರಿಹಿಟ್ಟು, ಹುರುಳಿಕಾಳು, ಮನೆಯ ಅರಿಶಿನ. ಎರಡರಲ್ಲೂ ಸೊಸೆಯರಿಗೆ ಅಂತ ಮೇಲುಗಡೆ ಒಂದು ಕುಂಕುಮದ ಪೊಟ್ಟಣ. ಹತ್ತೊಂಬತ್ತು ವರ್ಷದಿಂದ ತಪ್ಪದ ಪದ್ಧತಿ.

ಚಾಮರಾಜನಗರ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಚಿಕ್ಕಪ್ಪನ ಗಂಟಿನಿಂದ ಹಿಟ್ಟು ಸೋರುತ್ತಿತ್ತು. ಅಮ್ಮ ಕಲ್ಲುಬೆಂಚಿನ ಮೇಲೆ ಅದನ್ನು ಬಿಚ್ಚಿದರು. ಬಿಚ್ಚಿದವರು ಹಾಗೇ ಕೂತರು. "ರೀ, ಇಲ್ನೋಡಿ" ಅಂತ ಅಪ್ಪನನ್ನು ಕರೆದರು.

ಹುರಿಹಿಟ್ಟಿತ್ತು. ಹುರುಳಿ, ಅರಿಶಿನ ಇತ್ತು. ಕುಂಕುಮ ಇರಲಿಲ್ಲ. ಅದರ ಜಾಗದಲ್ಲಿ ಮಾದಪ್ಪನ ವಿಭೂತಿಯ ಪೊಟ್ಟಣ. ಮರೆವು ಇರಬಹುದು ಅಂತ ನಮ್ಮ ಗಂಟನ್ನೂ ಬಿಚ್ಚಿ ನೋಡಿದೆವು. ಅದರಲ್ಲಿ ಕುಂಕುಮ ಎಂದಿನಂತೆ ಮೇಲುಗಡೆಯೇ ಇತ್ತು.

ಅಪ್ಪ ಒಂದು ನಿಮಿಷ ನಿಂತರು. ಆಮೇಲೆ ಹೆಗಲ ಚೀಲ ನನ್ನ ಕೈಗೆ ಕೊಟ್ಟು, ನಾವು ಇಳಿದುಬಂದಿದ್ದ ತಾಳವಾಡಿ ಬಸ್ಸು ಹಿಂದಕ್ಕೆ ಹೊರಡುತ್ತಿದ್ದದ್ದನ್ನು ಓಡಿಹೋಗಿ ಹತ್ತಿದರು. 66 ವರ್ಷದ ಅಪ್ಪ ಬಸ್ಸಿನ ಹಿಂದೆ ಓಡಿದ್ದನ್ನು ನಾನು ಅವತ್ತೇ ನೋಡಿದ್ದು.

ರಾತ್ರಿ ಫೋನು ಮಾಡಿದರು. ದನಿ ಕಟ್ಟಿತ್ತು. "ಜೂನ್‌ನಲ್ಲೇ ಗೊತ್ತಾಗಿದೆ ಕಣೋ. ಅವತ್ತು ಒಂದೇ ದಿನ ನಾನು ಮೂರು ಸಲ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಿದ್ನಂತೆ. ಆಗ್ಲೇ ಅಂದ್ಕೊಂಡ್ಳಂತೆ. ಆಮೇಲೆ ಅವನ ಫೋನ್ ಬರ್ಲೇ ಇಲ್ವಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಂತೆ?"

"ನಾನು ಕೇಳಿದ್ರೆ ನೀವು ಅಳಬೇಕಾಯ್ತದೆ, ನಿಂಗೂ ಬೀಪಿ ಅದಲ್ಲಪ್ಪ, ಅಂದ್ಲು."

ನೋಡಿದಿರಾ? ನಾವು ಅಜ್ಜಿಯ ಎದೆ ಕಾಯುತ್ತಿದ್ದೆವು, ಅಜ್ಜಿ ನಮ್ಮ ಎದೆ ಕಾಯುತ್ತಿದ್ದಳು. ಆರು ತಿಂಗಳು ಹೆತ್ತ ತಾಯಿ ಹಿತ್ತಲಲ್ಲಿ ಒಬ್ಬಳೇ ಅತ್ತಿದ್ದಾಳೆ. ಡಾಕ್ಟರು ಬೇಡ ಅಂದದ್ದು ಆಘಾತ. ಆಘಾತ ಅವಳಿಗೆ ಜೂನ್‌ನಲ್ಲೇ ಆಗಿಹೋಗಿತ್ತು. ನಾವು ತಪ್ಪಿಸಿದ್ದು ಜೊತೆಗೆ ಕೂತು ಅಳುವುದನ್ನು ಮಾತ್ರ.

ಅಪ್ಪ ಹತ್ತು ದಿನ ಅಲ್ಲೇ ಇದ್ದರು. ಚಿಕ್ಕಪ್ಪನ ಫೋಟೋ ಇಟ್ಟು, ಅವರಿಗೆ ಇಷ್ಟವಾದ ಹುರಿಹಿಟ್ಟು, ಬೆಲ್ಲ ಎಡೆ ಇಟ್ಟರು. ಮೆಲ್ಬರ್ನ್‌ನಿಂದ ಚಿಕ್ಕಮ್ಮ ವಿಡಿಯೋ ಕಾಲ್ ಮಾಡಿದರು. ಅತ್ತೆ ಸೊಸೆ ಇಬ್ಬರೂ ಮಾತಿಲ್ಲದೆ ಅರ್ಧ ಗಂಟೆ ಅತ್ತರಂತೆ. ಅವತ್ತು ರಾತ್ರಿ ಅಜ್ಜಿ ಮುದ್ದೆ ಪೂರ್ತಿ ಉಂಡಳು ಅಂತ ಅತ್ತೆ ಹೇಳಿದರು.

ತಮ್ಮಂದಿರಾ, ನೀವು ಅಭಿಮಾನಿಗಳು. ಅಪ್ಪುಗಾಗಿ ಕಂಠೀರವ ಸ್ಟುಡಿಯೋ ಮುಂದೆ ಸಾಲು ನಿಂತು ಬಹಿರಂಗವಾಗಿ ಅತ್ತವರು. ನಾನೂ ನಿಂತಿದ್ದೆ, ಚಿಕ್ಕಪ್ಪ ಅಲ್ಲಿಂದ ಫೋನಿನಲ್ಲಿ ಅಳುತ್ತಿದ್ದರು. ಹಾಗೆ ಅತ್ತದ್ದರಿಂದ ನಮಗೆ ಎಷ್ಟು ಹಗುರವಾಯಿತು ಅಂತ ನಿಮಗೇ ಗೊತ್ತು. ಮನೆಯ ಹಿರಿಯರಿಗೂ ಅಷ್ಟು ಅವಕಾಶ ಕೊಡಿ. ಸುದ್ದಿಯನ್ನು ಫೋನಿನಲ್ಲಿ ಹೇಳಬೇಡಿ, ಬಸ್ಸು ಹತ್ತಿ ಹೋಗಿ, ಪಕ್ಕದಲ್ಲಿ ಕೂತು, ಕೈ ಹಿಡಿದು ಹೇಳಿ.

ಮುಂದಿನ ವಾರ ಮತ್ತೆ ಗಾಂಧಿನಗರದ ಸುದ್ದಿ, ಖಂಡಿತ. ಪತ್ರಿಕೆ ಮಡಿಚಿಡಿ ಈಗ. ಊರ ಕಡೆ ಹೋಗೋ ಬಸ್ಸಾ ಅದು? ಹತ್ತಿಕೊಳ್ಳಿ.