ದೇವರ ಹೆಸರಿನಲ್ಲಿ, ಪ್ರಜೆಯ ಮಾತಿನಲ್ಲಿ

ಮಿಸಿಸಾಗದ ಶಾಲೆಗಳಲ್ಲಿ ದಿನವೂ ಕೇಳಿಬರುವ ಕೆನಡಾದ ರಾಷ್ಟ್ರಗೀತೆಯಲ್ಲಿ, ನಾಡನ್ನು ಕಾಯುವಂತೆ ದೇವರಿಗೆ ಮೊರೆಯಿದೆ. ಆ ಮೊರೆ ಮೂಲದ್ದಲ್ಲ. 1908ರಲ್ಲಿ ರಾಬರ್ಟ್ ಸ್ಟ್ಯಾನ್ಲಿ ವಿಯರ್ ಬರೆದ ಇಂಗ್ಲಿಷ್ ಪಠ್ಯದ ಮೊದಲ ಚರಣದಲ್ಲಿ ದೇವರ ಹೆಸರಿರಲಿಲ್ಲ. 1968ರಲ್ಲಿ ಸಂಸದೀಯ ಸಮಿತಿ ಅದನ್ನು ಸೂಚಿಸಿತು. 1980ರಲ್ಲಿ ಅದು ಕಾನೂನಾಯಿತು. ಅಮೆರಿಕದ ನಿಷ್ಠಾ ಪ್ರತಿಜ್ಞೆಯದೂ ಇದೇ ಕಥೆ: 1892ರ ಪಠ್ಯಕ್ಕೆ ದೇವರು ಸೇರಿದ್ದು 1954ರಲ್ಲಿ, ಶೀತಲಸಮರದ ಕಾಲದಲ್ಲಿ.

ಭಾರತವು ಈ ಪ್ರಶ್ನೆಯನ್ನು ಮತಕ್ಕೇ ಹಾಕಿತ್ತು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್ ಅವರು ಪೀಠಿಕೆಯು ದೇವರ ಹೆಸರಿನಿಂದ ಆರಂಭವಾಗಲೆಂದು ತಿದ್ದುಪಡಿ ಮಂಡಿಸಿದರು. ನಂಬಿಕೆಯ ವಿಷಯದಲ್ಲಿ ಇದು ಬಲವಂತವೆಂದು ಪಟ್ಟಂ ತಾಣು ಪಿಳ್ಳೈ ಆಕ್ಷೇಪಿಸಿದರು. ನಂಬಿಕೆಯ ಸ್ವಾತಂತ್ರ್ಯವನ್ನು ಸಾರುವ ಪೀಠಿಕೆಗೇ ಇದು ವಿರುದ್ಧವೆಂಬುದು ಹೃದಯನಾಥ ಕುಂಜ್ರು ಅವರ ವಾದ. ಪರವಾಗಿ 41, ವಿರೋಧವಾಗಿ 68 ಮತಗಳು ಬಿದ್ದು ತಿದ್ದುಪಡಿ ಸೋತಿತು. ಹಾಗೆಂದು ದೇವರನ್ನು ಹೊರಗಟ್ಟಲಿಲ್ಲ: ಮೂರನೆಯ ಅನುಸೂಚಿಯ ಪ್ರಕಾರ ಶಾಸಕರು ಹಾಗೂ ಸಚಿವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಆಯ್ಕೆ ವ್ಯಕ್ತಿಯದು, ಪೀಠಿಕೆ ಎಲ್ಲರದು.

ಕೆನಡಾದ ಪೌರತ್ವ ಪ್ರಮಾಣದಲ್ಲೂ ಆಣೆಯಿಡುವ ಅಥವಾ ದೃಢೀಕರಿಸುವ ಆಯ್ಕೆಯಿದೆ. ಇಲ್ಲಿ ಅಲ್ಪಸಂಖ್ಯಾತರಾಗಿ ಅದನ್ನು ಹಕ್ಕೆಂದು ಪಡೆಯುವ ಅನೇಕ ಕನ್ನಡಿಗರು ತಾಯ್ನಾಡಿನಲ್ಲಿ ಬಹುಸಂಖ್ಯಾತರು. ಅಲ್ಲಿನ ಅಲ್ಪಸಂಖ್ಯಾತರಿಗೂ ನಾಸ್ತಿಕರಿಗೂ ಅದೇ ಹಕ್ಕನ್ನು ಔದಾರ್ಯದ ಭಿಕ್ಷೆಯಾಗಿ ಕಾಣುವುದು ನ್ಯಾಯವಲ್ಲ. ದೂರದಿಂದ ತಾಯ್ನಾಡಿನ ರಾಜಕಾರಣಕ್ಕೆ ದನಿಗೂಡಿಸುವವರು ಆ 68 ಮತಗಳನ್ನು ನೆನೆಯಬೇಕು.