ಬಡಿದರೆ ಹೇಳುವ ಕಲ್ಲು

ಶುಕ್ರವಾರ, ಶನಿವಾರ, ಆದಿತ್ಯವಾರ - ಮೂರು ದಿನ ಒಟ್ಟಿಗೆ ರಜೆ. ಒಂಬತ್ತನೆಯ ತರಗತಿಯ ಮಗಳಿಗೆ ಊಟಿಯ ಆಸೆ. ಮಾಷ್ಟ್ರ ಕಿಸೆಗೆ ಅದು ಒಗ್ಗಬೇಕಲ್ಲ! "ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಮುಟ್ಟುವ ಊರುಗಳಿಗೆ ಹೋಗೋಣ" ಎಂದೆ. ಮುಖ ದಪ್ಪ ಮಾಡಿಕೊಂಡೇ ಬಸ್ಸು ಹತ್ತಿದಳು.

ಮೊದಲ ದಿನ ಕಿನ್ನಿಗೋಳಿ. ಅಲ್ಲಿ ತಾಳಿಪಾಡಿಯ ನೇಕಾರರ ಸಂಘದಲ್ಲಿ ಉಡುಪಿ ಸೀರೆ ನೇಯುತ್ತಾರೆ. 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹತ್ತಿಯ ಸೀರೆ ಇದು. "ಇದು 60ನೇ ನಂಬರಿನ ನೂಲು" ಎಂದರು ನೇಕಾರರು. 60 ಅಂದರೇನು? ಮಗಳ ಪ್ರಶ್ನೆ. 840 ಗಜ ಉದ್ದದ ನೂಲು ಒಂದು ಲಡಿ. ಒಂದು ಪೌಂಡ್, ಅಂದರೆ 454 ಗ್ರಾಂ ತೂಕಕ್ಕೆ ಅಂಥ ಎಷ್ಟು ಲಡಿ ಬರುತ್ತದೋ ಅದೇ ನೂಲಿನ ನಂಬರು. ಲೆಕ್ಕ ಹಾಕಿ ನೋಡಿ, ಮಕ್ಕಳೇ. 60ನೇ ನಂಬರಿನ ನೂಲು ಪೌಂಡಿಗೆ ಸುಮಾರು 46 ಕಿಲೋಮೀಟರ್! ಮಂಗಳೂರಿನಲ್ಲಿ ಬಿಚ್ಚಲು ತೊಡಗಿದರೆ ಕಾರ್ಕಳದ ಹತ್ತಿರ ಹತ್ತಿರ ಮುಟ್ಟೀತು.

ಇಷ್ಟು ಸಪೂರ ನೂಲು ಮಗ್ಗದ ಎಳೆತ, ಉಜ್ಜಾಟವನ್ನು ತಾಳುವುದು ಹೇಗೆ? ಹಾಸಿನ ನೂಲಿಗೆ ಗಂಜಿ ಕೊಡುತ್ತಾರೆ. ಅದು ಎಳೆಯ ಮೇಲೆ ಪದರವಾಗಿ ಕುಳಿತು, ಎದ್ದ ನವಿರುಗಳನ್ನು ಅಂಟಿಸಿಬಿಡುತ್ತದೆ. ಹತ್ತಿ ನೂಲಿಗೆ ಇನ್ನೊಂದು ಗುಣವುಂಟು: ಒಣಗಿದಾಗಿಗಿಂತ ತೇವವಿದ್ದಾಗ ಅದು ಹೆಚ್ಚು ಗಟ್ಟಿ. ನಾವು ಶಪಿಸುವ ಕರಾವಳಿಯ ಬೆವರುಹವೆ ನೇಕಾರರಿಗೆ ನೆಂಟ. ಆದರೆ ಮಗ್ಗಗಳ ಮುಂದೆ ಕಂಡವರಲ್ಲಿ ಹೆಚ್ಚಿನವರು ನನ್ನ ಪ್ರಾಯದವರೇ.

ಎರಡನೆಯ ದಿನ ಕಾರ್ಕಳ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನನ್ನು ಎಲ್ಲರೂ ನೋಡುತ್ತಾರೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದದ್ದೂ ಇದೇ ಕಾರ್ಕಳದಲ್ಲಿ, ರೆಂಜಾಳ ಗೋಪಾಲ ಶೆಣೈಯವರ ಕೈಯಲ್ಲಿ ಎಂಬುದು ಅನೇಕ ಮಕ್ಕಳಿಗೆ ಗೊತ್ತಿಲ್ಲ. ಬೆಟ್ಟ ಇಳಿದು ನಾವು ಒಬ್ಬ ಶಿಲ್ಪಿಯ ಕೊಟ್ಟಿಗೆಗೆ ಹೋದೆವು.

ಗ್ರಾನೈಟಿನಲ್ಲಿರುವ ಕ್ವಾರ್ಟ್ಸ್ ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಹಾಗಾದರೆ ಉಳಿ ಅದನ್ನು ಕಡಿಯುವುದು ಹೇಗೆ? ನಿಜಕ್ಕೂ ಕಡಿಯುವುದಿಲ್ಲ, ಚೂರು ಚೂರೇ ಪುಡಿಮಾಡುತ್ತದೆ. ಸುತ್ತಿಗೆಯ ಬಲವೆಲ್ಲ ಸಣ್ಣ ಮೊನೆಗೆ ಬೀಳುವುದರಿಂದ ಅಲ್ಲಿ ಒತ್ತಡ ವಿಪರೀತ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು - ಪುಸ್ತಕದ ಈ ಸೂತ್ರ ಅಲ್ಲಿ ಕಿಡಿ ಹಾರಿಸುತ್ತಿತ್ತು. ಮೊನೆ ಬೇಗ ಮೊಂಡಾಗುತ್ತದೆ, ಮತ್ತೆ ಕಾಯಿಸಿ ತಟ್ಟಬೇಕು.

ಶಿಲ್ಪಿ ಎರಡು ಕಲ್ಲುಗಳನ್ನು ಬಡಿದು ತೋರಿಸಿದರು. ಒಂದು 'ಠಣ್' ಎಂದಿತು, ಇನ್ನೊಂದು 'ಡಬ್'. "ಎರಡನೆಯದರ ಒಳಗೆ ಬಿರುಕು ಉಂಟು ಮಾಷ್ಟ್ರೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ" ಎಂದರು. ಬಿರುಕಿನಲ್ಲಿ ಕಂಪನದ ಶಕ್ತಿ ಸೋರಿಹೋಗುತ್ತದೆ, ಹಾಗಾಗಿ ನಾದ ಉಳಿಯುವುದಿಲ್ಲ.

ನಾನು ಸುಮ್ಮನಾದೆ. ಬಹಳ ವರ್ಷಗಳ ಹಿಂದೆ ತರಗತಿಯಲ್ಲಿ ಒಬ್ಬ ಹುಡುಗನಿಗೆ, "ಓದದಿದ್ದರೆ ಕಲ್ಲು ಒಡೆಯಲು ಹೋಗು" ಎಂದಿದ್ದೆ. ಎಲ್ಲರೂ ನಕ್ಕರು. ಅವನ ತಂದೆಯ ಕಸುಬು ಅದೇ ಎಂದು ಆಮೇಲೆ ತಿಳಿಯಿತು. ಮಾಷ್ಟ್ರು ಮಕ್ಕಳಲ್ಲಿ ಕ್ಷಮೆ ಕೇಳುವುದುಂಟೇ ಎಂಬ ಬಿಗುಮಾನ ನನ್ನದು, ಕೇಳಲಿಲ್ಲ. ಆ ದಿನ ನನ್ನ ಮಾತು ಎಂಥ 'ಡಬ್' ಸದ್ದು ಮಾಡಿತೆಂದು ನನಗೆ ಕೇಳಿಸಿದ್ದು ಈಗ.

ಕಸುಬನ್ನು ಹೊಗಳಿ ಹೊರಟುಬಿಟ್ಟರೂ ಸಾಲದು. ಕಲ್ಲಿನ ಧೂಳಿನ ಸಿಲಿಕಾ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗದ ಕಾಯಿಲೆ. ನೀರು ಹಾಕಿ ಕೊಯ್ಯುವುದು, ಸರಿಯಾದ ಮುಖಗವಸು - ಇವೂ ಆ ಕೈಗಳಿಗೆ ಸಲ್ಲಬೇಕಾದ ಮರ್ಯಾದೆಯೇ.

ಮೂರನೆಯ ದಿನ ಎಲ್ಲಿಗೂ ಹೋಗಲಿಲ್ಲ. ಹಿತ್ತಿಲಲ್ಲಿ ಹಳೆಯ ಮಂಗಳೂರು ಹಂಚುಗಳಿದ್ದವು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ತೊಡಗಿಸಿದ ಕಾರ್ಖಾನೆಯಿಂದ ಹಬ್ಬಿದ ಉದ್ಯಮ ಇದು. ನೇತ್ರಾವತಿ ದಡದ ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶವೇ ಸುಟ್ಟಾಗ ಕೆಂಪಾಗುತ್ತದೆ. ಮಗಳು ತಾನಾಗಿಯೇ ಒಂದೊಂದು ಹಂಚನ್ನೂ ಬೆರಳಿನಿಂದ ತಟ್ಟಿ, 'ಠಣ್' ಎಂದವನ್ನು ಬೇರೆ ಇಟ್ಟಳು. ಅವಳ ಅಜ್ಜಿ ನಕ್ಕು, "ಮಡಕೆ ತರುವಾಗ ನಾನು ಮಾಡುವುದೂ ಇದನ್ನೇ ಅಲ್ಲವಾ ಮಗಾ?" ಎಂದರು. ಊಟಿಯ ಮಾತು ಮತ್ತೆ ಬರಲಿಲ್ಲ.

ಹೆತ್ತವರಲ್ಲಿ ಒಂದು ಬಿನ್ನಹ. ಮುಂದಿನ ರಜೆಗೆ ಮಕ್ಕಳನ್ನು ಒಂದು ಕಸುಬಿನ ಊರಿಗೆ ಕರೆದುಕೊಂಡು ಹೋಗಿ. ಚೌಕಾಸಿ ಬೇಡ, ಪ್ರಶ್ನೆ ಬೇಕು. ಓದದವರ ಪಾಲಿನ ಶಿಕ್ಷೆ ಎಂದು ಮಾತ್ರ ಆ ಕೆಲಸವನ್ನು ತೋರಿಸಬೇಡಿ.

ಆ ಹುಡುಗ ಈಗ ದೊಡ್ಡವನಾಗಿರಬೇಕು. ಅವನ ಮಕ್ಕಳು ಈ ಪುಟ ಓದುತ್ತಿದ್ದರೆ ಅಪ್ಪನಿಗೆ ಹೇಳಲಿ: ಮಾಷ್ಟ್ರು ಅಂದು ಹೇಳಿದ್ದು ತಪ್ಪು.